ಬಡಾವಣೆ ನಡುವೆ ಮಾಲ್ ಬರುತ್ತಿದೆಯಾ? ತಕರಾರು ಸಲ್ಲಿಸುವುದು ಹೀಗೆ

ಖಾಲಿ ಸೈಟಿನ ಸುತ್ತ ತಗಡಿನ ಶೀಟು ಎದ್ದ ದಿನವೇ ಬೀದಿಯಲ್ಲಿ ಸುದ್ದಿ ಹುಟ್ಟುತ್ತದೆ. ಒಬ್ಬರು ಆಸ್ಪತ್ರೆ ಅನ್ನುತ್ತಾರೆ, ಇನ್ನೊಬ್ಬರು ಮಾಲ್ ಅನ್ನುತ್ತಾರೆ. ಮೇಲೊಂದು ಪಾರ್ಟಿ ಹಾಲ್ ಕೂಡ ಬರುತ್ತಂತೆ ಅಂತ ಮೂರನೆಯವರು ಸೇರಿಸುತ್ತಾರೆ. ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪ್ ಎರಡು ದಿನ ಕಾವೇರುತ್ತದೆ. ಆಮೇಲೆ "ಹೋಗ್ಲಿ ಬಿಡ್ರಿ, ದೊಡ್ಡೋರ ಸಹವಾಸ ನಮಗ್ಯಾಕೆ" ಎಂದು ಮಾತು ಮುಗಿಯುತ್ತದೆ. ಜೆಸಿಬಿ ಬಂದು ನೆಲಮಾಳಿಗೆಗೆ ಗುಂಡಿ ತೋಡಿದಾಗ ಮತ್ತೆ ಎಲ್ಲರೂ ಓಡಿ ಬರುತ್ತಾರೆ. ಅಷ್ಟರಲ್ಲಿ ತಕರಾರು ಹೇಳಲು ಇದ್ದ ಒಳ್ಳೆಯ ಅವಕಾಶ ಕೈತಪ್ಪಿರುತ್ತದೆ.

ದಾವಣಗೆರೆಯಲ್ಲಿ ಒಂದು ಕಾಲಕ್ಕೆ ವ್ಯಾಪಾರವೆಂದರೆ ಮಂಡಿಪೇಟೆ, ಚಾಮರಾಜಪೇಟೆ, ಅಶೋಕ ರಸ್ತೆ. ಈಗ ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್‌ಗಳು, ವಿದ್ಯಾನಗರ, ನಿಟುವಳ್ಳಿ, ಹೀಗೆ ಮನೆಗಳಿದ್ದ ಕಡೆಗೂ ಅದು ಹರಡಿದೆ. ವ್ಯಾಪಾರವೇ ಬೇಡ ಅಂತ ಯಾರೂ ಹೇಳುವುದಿಲ್ಲ. ತಿರುವಿನಲ್ಲೊಂದು ಬೆಣ್ಣೆ ದೋಸೆ ಹೋಟೆಲ್, ಒಂದು ಮೆಡಿಕಲ್ ಶಾಪ್ ಇದ್ದರೆ ಎಲ್ಲರಿಗೂ ಅನುಕೂಲವೇ. ಮೂವತ್ತು ಅಡಿ ರಸ್ತೆಯಲ್ಲಿ ಐದು ಅಂತಸ್ತಿನ ಮಳಿಗೆ ಸಂಕೀರ್ಣ ಎದ್ದರೆ ಮಾತು ಬೇರೆ. ಅಂಥದ್ದನ್ನು ಕಾನೂನಿನ ದಾರಿಯಲ್ಲಿ ಪ್ರಶ್ನಿಸುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಹೇಳಿದೆ.

1. ಮೊದಲು ಮಾಸ್ಟರ್ ಪ್ಲಾನ್ ನೋಡಿ

ಕೂಗಾಡುವ ಮೊದಲು ಆ ಜಾಗ ಯಾವ ವಲಯದಲ್ಲಿದೆ ಎಂದು ತಿಳಿಯಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಪ್ರತಿ ಯೋಜನಾ ಪ್ರದೇಶಕ್ಕೂ ಮಾಸ್ಟರ್ ಪ್ಲಾನ್ ಇರುತ್ತದೆ. ನಮ್ಮಲ್ಲಿ ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ದೂಡಾದ ಕೆಲಸ. ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಬಣ್ಣ ವಸತಿಗೆ, ನೀಲಿ ವಾಣಿಜ್ಯಕ್ಕೆ, ಹಸಿರು ಉದ್ಯಾನಕ್ಕೆ. ನಕ್ಷೆಯನ್ನು ಓದಲು ಮನೆ ನಂಬರ್ ಸಾಲದು, ಸರ್ವೆ ನಂಬರ್ ಬೇಕು. ನಿಮ್ಮದೇ ಕ್ರಯಪತ್ರ ತೆಗೆದು ನೋಡಿ. ನಿಮ್ಮ ಮನೆ, ಆ ಜಾಗ ಎರಡೂ ಒಂದೇ ಲೇಔಟಿನಲ್ಲಿದ್ದರೆ ಅದರಲ್ಲಿ ಸರ್ವೆ ನಂಬರ್ ಸಿಗುತ್ತದೆ.

ನೋಡಿದ ಮೇಲೆ ಮೂರರಲ್ಲಿ ಒಂದು ಗೊತ್ತಾಗುತ್ತದೆ. ಜಾಗ ಮೊದಲೇ ವಾಣಿಜ್ಯ ವಲಯದಲ್ಲಿದ್ದರೆ ಅಂಗಡಿ ಕಟ್ಟುವುದನ್ನೇ ಪ್ರಶ್ನಿಸಲು ಆಗುವುದಿಲ್ಲ. ಎತ್ತರ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಪಾರ್ಕಿಂಗ್ ನಿಯಮದಂತೆ ಇದೆಯಾ ಎಂದು ಕೇಳಬಹುದು, ಅಷ್ಟೇ. ವಸತಿ ವಲಯದಲ್ಲಿದ್ದರೆ ತಕರಾರಿಗೆ ಗಟ್ಟಿ ನೆಲ ಇದೆ. ವಸತಿ ವಲಯದಲ್ಲೂ ಕೆಲವು ಸಣ್ಣ ಅಂಗಡಿ, ಕ್ಲಿನಿಕ್‌ಗಳಿಗೆ ವಲಯ ನಿಯಮಾವಳಿಯೇ ಅವಕಾಶ ಕೊಡುತ್ತದೆ. ಅದು ರಸ್ತೆಯ ಅಗಲದ ಮೇಲೆ ನಿಂತಿರುತ್ತದೆ. ಹಾಗಾಗಿ ನಿಯಮಾವಳಿಯ ಆ ಪುಟವನ್ನೂ ಕೇಳಿ ಪಡೆಯಿರಿ. ಇನ್ನು ಆ ಜಾಗ ಲೇಔಟಿನ ಪಾರ್ಕ್ ಅಥವಾ ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಆಗಿದ್ದರೆ ನಿಮ್ಮ ಕೇಸು ಎಲ್ಲಕ್ಕಿಂತ ಬಲ.

ಇನ್ನೊಂದು ಕಾಗದವನ್ನು ಜನ ಮರೆಯುತ್ತಾರೆ. ಹೊಲ ಲೇಔಟ್ ಆಗುವಾಗ ಜಿಲ್ಲಾಧಿಕಾರಿ ಕೊಟ್ಟ ಭೂಪರಿವರ್ತನೆ ಆದೇಶ ಅದು. ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಕೊಡುವ ಈ ಆದೇಶದಲ್ಲಿ 'ವಸತಿ ಉದ್ದೇಶಕ್ಕೆ' ಎಂದಿದೆಯಾ, 'ವಾಣಿಜ್ಯ ಉದ್ದೇಶಕ್ಕೆ' ಎಂದಿದೆಯಾ ನೋಡಿ. ಒಬ್ಬರೇ ಅಕ್ಕಪಕ್ಕದ ನಾಲ್ಕೈದು ಸೈಟು ಕೊಂಡು ಸೇರಿಸಿದ್ದರೆ ಆ ಒಟ್ಟುಗೂಡಿಕೆಗೂ ಮಂಜೂರಾತಿ ಬೇಕು. ಅದು ಆಗಿದೆಯಾ ಎಂಬುದು ಒಳ್ಳೆಯ ಪ್ರಶ್ನೆ.

2. ಮಾಹಿತಿ ಹಕ್ಕಿನಲ್ಲಿ ಕಾಗದ ತರಿಸಿ

ಭೂಬಳಕೆ, ಲೇಔಟ್ ವಿಚಾರ ದೂಡಾದ್ದು. ಕಟ್ಟಡದ ಪರವಾನಗಿ ಮಹಾನಗರ ಪಾಲಿಕೆಯ ನಗರ ಯೋಜನಾ ಶಾಖೆಯದ್ದು. ಆದ್ದರಿಂದ ಎರಡು ಕಡೆಗೂ ಬೇರೆ ಬೇರೆ ಅರ್ಜಿ ಹಾಕಿ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುವುದು ಎಲ್ಲ ಊರಲ್ಲೂ ಇದ್ದದ್ದೇ.

ಮಾಹಿತಿ ಹಕ್ಕು ಕಾಯ್ದೆ, 2005ರ ಅರ್ಜಿಗೆ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ತುಂಬ ಅರ್ಜಿಗಳು ತಿರಸ್ಕಾರವಾಗುವುದು ಇದೇ ಕಾರಣಕ್ಕೆ. ಕಥೆ ಬರೆಯಬೇಡಿ. "ಏಕೆ ಅನುಮತಿ ಕೊಟ್ಟಿರಿ?" ಎಂದೂ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ: ಇಂಥ ಸೈಟಿನ ಕಟ್ಟಡ ಪರವಾನಗಿಯ ಪ್ರತಿ, ಮಂಜೂರಾದ ನಕ್ಷೆಯ ಪ್ರತಿ, ಭೂಬಳಕೆ ಬದಲಾವಣೆಯ ಅರ್ಜಿ ಮತ್ತು ಆದೇಶ, ಕಡತದ ಟಿಪ್ಪಣಿ ಹಾಳೆಗಳು. ಕೊನೆಗೆ "ಕಡತವನ್ನು ಖುದ್ದು ಪರಿಶೀಲಿಸಲು ಅವಕಾಶ ಕೊಡಿ" ಎಂದು ಒಂದು ಸಾಲು ಸೇರಿಸಿ. ಕಡತ ಕೈಗೆ ಬಂದರೆ ನೀವು ಕೇಳಲು ಮರೆತ ಕಾಗದಗಳೂ ಕಣ್ಣಿಗೆ ಬೀಳುತ್ತವೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ "ಖಾಸಗಿ ಮಾಹಿತಿ" ಎಂದು ತಳ್ಳಿ ಹಾಕಿದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದ ದಾರಿ ನಿಧಾನ. ಅದನ್ನೇ ನಂಬಿ ಕೂರದೆ ಮುಂದಿನ ಹಂತಗಳನ್ನು ಜೊತೆಜೊತೆಗೇ ನಡೆಸಬೇಕು.

ಸಾರ್ವಜನಿಕ ಕಟ್ಟಡದ ನಕ್ಷೆ ಗುಟ್ಟಿನ ವಿಷಯವೇನಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಸತಿ ನಿವೇಶನದಲ್ಲಿ ಅಂಗಡಿ ಕಟ್ಟಿದ್ದೇ ಆ ಪ್ರಕರಣ. ಕಟ್ಟಡ ಏಳುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಜಾಗದಲ್ಲೇ ಕಾಣುವಂತೆ ಹಾಕಬೇಕು ಎಂದು ನ್ಯಾಯಾಲಯ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು. ತಗಡಿನ ಶೀಟಿನ ಮೇಲೆ ಬಿಲ್ಡರ್ ಜಾಹೀರಾತು ಮಾತ್ರ ಇದ್ದು ನಕ್ಷೆ ಇಲ್ಲವೇ? ಫೋಟೊ ತೆಗೆದು ಪಾಲಿಕೆಗೆ ಬರೆಯಿರಿ.

3. ಪತ್ರಿಕೆಯ ಸಣ್ಣ ಅಕ್ಷರ ಓದಿ: 15 ದಿನದ ಆಟ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ 1961ರ ಕಾಯ್ದೆಯ 14-ಎ ಕಲಂ ಪ್ರಕಾರ ಸರ್ಕಾರದ ಒಪ್ಪಿಗೆ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಅದಕ್ಕೂ ಮುಂಚೆ ಆ ಪ್ರಸ್ತಾಪವನ್ನು ಈ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಆಕ್ಷೇಪಣೆಗೆ ಸಮಯ ಕೊಡಬೇಕು. ವಾಣಿಜ್ಯ ಜಾಗವನ್ನು ವಸತಿಗೆ ತಿರುಗಿಸುವುದು ಇಷ್ಟು ಕಷ್ಟವಲ್ಲ. ಶುಲ್ಕ ಕಟ್ಟಿ, ಪ್ರಾಧಿಕಾರಕ್ಕೆ ಮೊದಲೇ ತಿಳಿಸಿದರೆ ಸಾಕು. ಮನೆಗಳ ನಡುವೆ ವ್ಯಾಪಾರ ಬರುವುದನ್ನು ಮಾತ್ರ ಕಾನೂನು ಬಿಗಿಯಾಗಿ ಇಟ್ಟಿದೆ, ಅದೂ ಜನರನ್ನು ಕೇಳಿದ ಮೇಲೆ.

ಕಷ್ಟ ಎಲ್ಲಿ ಅಂದರೆ, ಆ ಪ್ರಕಟಣೆ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಮತ್ತು ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಪಕ್ಕ ಬರುತ್ತದೆ. ಅದರಲ್ಲಿ 'ಮಾಲ್' ಎಂಬ ಮಾತೇ ಇರುವುದಿಲ್ಲ. ಸರ್ವೆ ನಂಬರ್, ವಿಸ್ತೀರ್ಣ, 'ವಸತಿಯಿಂದ ವಾಣಿಜ್ಯ' ಎಂದಷ್ಟೇ ಇರುತ್ತದೆ. ಬಡಾವಣೆಯಲ್ಲಿ ಬೆಳಿಗ್ಗೆ ಪತ್ರಿಕೆ ಪೂರ್ತಿ ಓದುವ ನಿವೃತ್ತ ಮೇಷ್ಟ್ರು ಒಬ್ಬರು ಇದ್ದೇ ಇರುತ್ತಾರೆ. ಈ ಕೆಲಸ ಅವರಿಗೆ ವಹಿಸಿ. ಸುತ್ತಲ ಸರ್ವೆ ನಂಬರ್‌ಗಳ ಪಟ್ಟಿ ಅವರ ಕೈಲಿರಲಿ. ಪ್ರಕಟಣೆ ಕಂಡ ದಿನದ ಪತ್ರಿಕೆಯ ಇಡೀ ಪುಟವನ್ನು ಎತ್ತಿಡಿ, ಕತ್ತರಿಸಿದ ತುಂಡು ಬೇಡ. ದಿನಾಂಕ ಮುಖ್ಯ.

4. ತಕರಾರು ಬರೆಯುವುದು

ಹೆಚ್ಚಿನ ತಕರಾರುಗಳು ಸೋಲುವುದು ಬರವಣಿಗೆಯಲ್ಲೇ. "ನಮ್ಮ ಬಡಾವಣೆಯ ನೆಮ್ಮದಿ ಹಾಳಾಗುತ್ತದೆ, ದಯವಿಟ್ಟು ನಿಲ್ಲಿಸಿ" ಎಂಬ ಪತ್ರಕ್ಕೆ ಅಧಿಕಾರಿ ಏನು ತಾನೇ ಮಾಡಿಯಾರು? ಅವರಿಗೆ ಕಡತದಲ್ಲಿ ಉತ್ತರಿಸಲೇಬೇಕಾದ ಪ್ರಶ್ನೆ ಬೇಕು. ಅಳತೆ ಬೇಕು.

ಟೇಪು ಹಿಡಿದು ರಸ್ತೆ ಅಳೆಯಿರಿ. ಲೇಔಟ್ ನಕ್ಷೆಯಲ್ಲಿ ನಲವತ್ತು ಅಡಿ ಇದ್ದ ರಸ್ತೆ ಚರಂಡಿ, ವಿದ್ಯುತ್ ಕಂಬ, ಮನೆ ಮುಂದಿನ ಇಳಿಜಾರು ಎಲ್ಲ ಕಳೆದು ವಾಹನಕ್ಕೆ ಎಷ್ಟು ಉಳಿದಿದೆ ಎಂದು ಬರೆಯಿರಿ. ಬೆಳಿಗ್ಗೆ ಶಾಲೆ ಹೊತ್ತಿಗೆ ಮತ್ತು ಸಂಜೆ ಒಂದೊಂದು ಗಂಟೆ ನಿಂತು ವಾಹನ ಎಣಿಸಿ. ಮೊಬೈಲಿನಲ್ಲಿ ವಿಡಿಯೊ ಮಾಡಿ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ದಿನಾಂಕ ಸಮೇತ ಪಟ್ಟಿ ಮಾಡಿ. ದಾವಣಗೆರೆಗೆ ನೀರು ತುಂಗಭದ್ರಾ ನದಿಯಿಂದ ಮತ್ತು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ ಬರಬೇಕು. ನಾಲೆ ನಿಂತ ಬೇಸಿಗೆಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದೆ. ಮನೆಗಳಿಗೇ ಸಾಲದ ಪೈಪಿನಿಂದ ಹೋಟೆಲು, ಶೌಚಾಲಯ, ಪಾರ್ಟಿ ಹಾಲ್‌ಗೆ ನೀರು ಎಲ್ಲಿಂದ ಎಂದು ಕೇಳುವುದು ನ್ಯಾಯವೇ. ಒಳಚರಂಡಿ ಪೈಪು ಎಷ್ಟು ಇಂಚಿನದು, ಮಳೆ ಬಂದಾಗ ಯಾವ ಮ್ಯಾನ್‌ಹೋಲ್ ಉಕ್ಕುತ್ತದೆ ಎಂಬುದನ್ನೂ ಸೇರಿಸಿ.

ಪತ್ರದ ಮಾದರಿ ಹೀಗಿರಲಿ:

ಇವರಿಗೆ,
ಆಯುಕ್ತರು, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ದಾವಣಗೆರೆ.
ವಿಷಯ: ...... ಬಡಾವಣೆ, ಸರ್ವೆ ನಂ. ......, ಸೈಟ್ ನಂ. ...... ಜಾಗದ ಭೂಬಳಕೆಯನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸಲು ಆಕ್ಷೇಪಣೆ.
ಉಲ್ಲೇಖ: ...... ಪತ್ರಿಕೆಯಲ್ಲಿ ದಿನಾಂಕ ...... ರಂದು ಬಂದ ಪ್ರಕಟಣೆ.
ನಾನು ಈ ಜಾಗದಿಂದ ...... ಅಡಿ ದೂರದ ಮನೆಯಲ್ಲಿ ವಾಸವಿದ್ದೇನೆ. ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಏನೆಂದು ಪ್ರಕಟಣೆಯಲ್ಲಿ ಹೇಳಿಲ್ಲ. ಎದುರಿನ ರಸ್ತೆ ನಕ್ಷೆಯಂತೆ ...... ಅಡಿ, ಸ್ಥಳದಲ್ಲಿ ಅಳೆದಾಗ ...... ಅಡಿ (ಫೋಟೊ ಲಗತ್ತಿಸಿದೆ). ಕುಡಿಯುವ ನೀರು ...... ದಿನಕ್ಕೊಮ್ಮೆ ಬರುತ್ತಿದೆ (ಪಟ್ಟಿ ಲಗತ್ತಿಸಿದೆ). ಆದ್ದರಿಂದ ಪ್ರಸ್ತಾಪವನ್ನು ಕೈಬಿಡಬೇಕು. ನಿರ್ಧಾರಕ್ಕೆ ಮೊದಲು ನನ್ನ ಅಹವಾಲು ಖುದ್ದಾಗಿ ಕೇಳಬೇಕು. ನಿರ್ಧಾರದ ಪ್ರತಿಯನ್ನು ನನಗೆ ಕೊಡಬೇಕು.

ಕೊನೆಯ ಎರಡು ಸಾಲು ಬಿಡಬೇಡಿ. ನಾಳೆ ಕೋರ್ಟಿಗೆ ಹೋದರೆ "ಕೇಳಿದ್ದೆವು, ಕೇಳಿಸಿಕೊಳ್ಳಲಿಲ್ಲ" ಎನ್ನಲು ಅವೇ ಆಧಾರ.

ನೂರು ಜನ ಸಹಿ ಹಾಕಿದ ಒಂದು ಪತ್ರಕ್ಕಿಂತ ಮೂವತ್ತು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಬರೆದ ಮೂವತ್ತು ಪತ್ರ ಮೇಲು. ಜೆರಾಕ್ಸ್ ಮಾಡಿ ಹೆಸರು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ವಯಸ್ಸಾದವರಿರುವ ಮನೆಯ ತೊಂದರೆ ಬೇರೆ, ಎದುರುಮನೆ ಗೇಟಿನ ತೊಂದರೆ ಬೇರೆ. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಅಂದೇ ಸ್ಪೀಡ್ ಪೋಸ್ಟ್ ಮಾಡಿ.

5. ಒಗ್ಗಟ್ಟು, ಲೆಕ್ಕ, ಮತ್ತು ನಮ್ಮದೇ ಮನೆಯ ಹುಳುಕು

ಹೋರಾಟ ಎಳೆಯುವ ಲಕ್ಷಣ ಕಂಡರೆ ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಜನ ಇದ್ದರೆ ಸಾಕು. ಚಂದಾ ಎತ್ತಿದರೆ ರಸೀದಿ ಕೊಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಬಡಾವಣೆಯ ಹೋರಾಟಗಳು ಬಿಲ್ಡರ್‌ಗೆ ಸೋತದ್ದಕ್ಕಿಂತ ಜಾಸ್ತಿ, ದುಡ್ಡಿನ ಲೆಕ್ಕದಲ್ಲಿ ಒಡೆದಿವೆ.

ಇನ್ನೊಂದು ಕಹಿ ಮಾತು. ನೀವು ತಕರಾರು ಹಾಕಿದ ಮರುದಿನವೇ ಎದುರಿನವರ ವಕೀಲರು ನಿಮ್ಮ ಮನೆ ನೋಡುತ್ತಾರೆ. ಕಂಬಗಳ ನಡುವೆ ವಾಹನಕ್ಕೆ ಬಿಟ್ಟ ಸ್ಟಿಲ್ಟ್ ಪಾರ್ಕಿಂಗ್ ಮುಚ್ಚಿ ಅಂಗಡಿ ಬಾಡಿಗೆಗೆ ಕೊಟ್ಟವರು, ಸೆಟ್‌ಬ್ಯಾಕಿನಲ್ಲಿ ರೂಮು ಎಬ್ಬಿಸಿದವರು, ಮನೆಯಲ್ಲೇ ಪಿ.ಜಿ. ನಡೆಸುವವರು ಮುಂದಾಳುಗಳಾದರೆ ಇಡೀ ಹೋರಾಟ ಸಡಿಲವಾಗುತ್ತದೆ. ಅಂಥವರು ಹಿಂದೆ ನಿಂತು ಸಹಾಯ ಮಾಡಲಿ. ಅರ್ಜಿಯ ಮೊದಲ ಸಹಿ ಕಾಗದ ಸರಿ ಇರುವವರದ್ದಾಗಲಿ.

ವಾಟ್ಸ್‌ಆ್ಯಪ್‌ನಲ್ಲಿ ಬಾಯಿ ಬಿಗಿ ಹಿಡಿಯಿರಿ. "ಇಂಥವರು ಇಂಥವರಿಗೆ ಇಷ್ಟು ಲಕ್ಷ ಕೊಟ್ಟಿದ್ದಾರೆ" ಎಂದು ಸಾಕ್ಷಿ ಇಲ್ಲದೆ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನ ಮಾನನಷ್ಟ ಪ್ರಕರಣ ನಿಮ್ಮ ಮೇಲೇ ಬರುತ್ತದೆ. ಜಯದೇವ ವೃತ್ತದಲ್ಲಿ ಧರಣಿ ಕೂರುವುದಾದರೆ ಪೊಲೀಸರಿಗೆ ಮೊದಲೇ ಪತ್ರ ಕೊಡಿ. ಧರಣಿಯಿಂದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಒತ್ತಡವೂ ಹುಟ್ಟುತ್ತದೆ. ಆದರೆ 15 ದಿನದ ಆಕ್ಷೇಪಣೆಯ ಜಾಗವನ್ನು ಅದು ತುಂಬುವುದಿಲ್ಲ.

6. ಕಟ್ಟಡ ದೊಡ್ಡದಾದರೆ ಬೇರೆ ಬಾಗಿಲುಗಳೂ ಇವೆ

ಒಟ್ಟು ನಿರ್ಮಾಣ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರ ಅಡಿ ತಲುಪಿದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕೆಲಸ ಶುರುವಾಗುವ ಮೊದಲೇ ಪರಿಸರ ಅನುಮತಿ ಬೇಕು. ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವುದಿಲ್ಲ. ಹಾಗಾಗಿ ಯಾರೂ ಬಂದು ನಿಮ್ಮನ್ನು ಕೇಳುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ನೀವೇ ಹುಡುಕಬೇಕು. ಅನುಮತಿ ಕೊಟ್ಟಿದ್ದು ಸರಿಯಲ್ಲ ಅನಿಸಿದರೆ 30 ದಿನದೊಳಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಹೋಗಬಹುದು. ಕಟ್ಟಡ ಅದಕ್ಕಿಂತ ಸ್ವಲ್ಪವೇ ಚಿಕ್ಕದೆಂದು ತೋರಿಸಿದ್ದರೆ ನೆಲಮಾಳಿಗೆ, ಪಾರ್ಕಿಂಗ್ ಮಹಡಿ ಎಲ್ಲ ಸೇರಿಸಿದ್ದಾರಾ ಎಂದು ಲೆಕ್ಕ ಹಾಕಿ.

ಅಗ್ನಿಶಾಮಕ ಇಲಾಖೆಗೂ ಒಂದು ಪತ್ರ ಹೋಗಲಿ. ಅವರ ವಾಹನ ನಿಮ್ಮ ರಸ್ತೆಯ ತಿರುವಿನಲ್ಲಿ ತಿರುಗುತ್ತದಾ ಎಂಬ ಒಂದೇ ಪ್ರಶ್ನೆ ಸಾಕು.

7. ಬಿಲ್ಡರ್ ಜೊತೆ ಕೂತು ಮಾತಾಡುವುದು

ಇದನ್ನು ಸೋಲು ಅಂದುಕೊಳ್ಳಬೇಡಿ. ಜಾಗ ವಾಣಿಜ್ಯ ವಲಯದಲ್ಲೇ ಇದ್ದರೆ ಕಟ್ಟಡ ಬಂದೇ ಬರುತ್ತದೆ, ಆಗ ಹೇಗೆ ಬರಬೇಕು ಎಂಬುದಷ್ಟೇ ಉಳಿಯುವ ಪ್ರಶ್ನೆ. ಕೇಳಬಹುದಾದ ಸಂಗತಿಗಳು ಬಹಳ ಇವೆ. ಗಿರಾಕಿಗಳ ದ್ವಾರ ದೊಡ್ಡ ರಸ್ತೆಗೆ ಮಾತ್ರ ಇರಲಿ, ಹಿಂದಿನ ಬೀದಿಗೆ ಗೇಟ್ ಬೇಡ. ಸರಕು ಲಾರಿ ರಾತ್ರಿ ಬರದಿರಲಿ. ಜನರೇಟರ್ ಮತ್ತು ಎ.ಸಿ. ಯಂತ್ರಗಳು ಮನೆಗಳ ಕಡೆಯ ಗೋಡೆಗೆ ಬೇಡ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಪಾರ್ಟಿ ಹಾಲ್ ಕೈಬಿಡಲು ಒಪ್ಪಿಸಿದರೆ ಅರ್ಧ ಗೆದ್ದಂತೆ. ಅಂಗಡಿ ರಾತ್ರಿ ಬಾಗಿಲು ಹಾಕುತ್ತದೆ, ಮದುವೆ ಬ್ಯಾಂಡು ನಿಲ್ಲುವುದಿಲ್ಲ.

ಬಾಯಿಮಾತು, ಛಾಪಾ ಕಾಗದದ ಒಪ್ಪಂದ ಎರಡನ್ನೂ ಪೂರ್ತಿ ನಂಬಬೇಡಿ. ಕಟ್ಟಡ ನಾಳೆ ಬೇರೆಯವರ ಕೈಗೆ ಹೋಗುತ್ತದೆ. ಒಪ್ಪಿದ್ದನ್ನು ಮಂಜೂರಾತಿ ನಕ್ಷೆಯಲ್ಲಿ, ಪರವಾನಗಿಯ ಷರತ್ತಿನಲ್ಲಿ ಬರುವಂತೆ ಮಾಡಿ.

ಪಾಯ ತೋಡುವ ಮೊದಲು ಅಕ್ಕಪಕ್ಕದ ಮನೆಯವರು ತಮ್ಮ ಗೋಡೆ, ನೆಲ, ಕಾಂಪೌಂಡ್, ಸಂಪು ಎಲ್ಲದರ ವಿಡಿಯೊ ಮಾಡಿಟ್ಟುಕೊಳ್ಳಬೇಕು. ಎರೆಮಣ್ಣಿನ ಜಾಗದಲ್ಲಿ ಆಳವಾಗಿ ಅಗೆದರೆ ಪಕ್ಕದ ಗೋಡೆ ಬಿರುಕು ಬಿಡುವುದು ಸುಲಭ. ಬಿರುಕು ಹಳೆಯದೋ ಹೊಸದೋ ಎಂಬ ಜಗಳ ಬಂದಾಗ ಸಿವಿಲ್ ಎಂಜಿನಿಯರ್ ಒಬ್ಬರ ಸಹಿ ಇರುವ ವರದಿ ಕೆಲಸಕ್ಕೆ ಬರುತ್ತದೆ.

8. ಕೋರ್ಟಿಗೆ ಹೋಗಬೇಕಾಗಿ ಬಂದರೆ

"ಪಕ್ಕದ ಮನೆಯವನಿಗೆ ಕೇಳುವ ಹಕ್ಕೇನಿದೆ?" ಎಂಬುದು ಬಿಲ್ಡರ್ ಕಡೆಯ ಮೊದಲ ವಾದ. ಇದಕ್ಕೆ ಉತ್ತರ ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳಲ್ಲಿದೆ. ಉಡುಪಿಯ ವಸತಿ ಪ್ರದೇಶವೊಂದರಲ್ಲಿ ಕಲ್ಯಾಣ ಮಂಟಪಕ್ಕೆಂದು ಅನುಮತಿ ಪಡೆದ ಕಟ್ಟಡವನ್ನು ಸಿನಿಮಾ ಮಂದಿರ ಮಾಡಲು ಪುರಸಭೆ ಒಪ್ಪಿತ್ತು. ಅಲ್ಲಿನ ಒಬ್ಬ ನಿವಾಸಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಯೋಜನೆಯ ನಿಯಮ ಪಾಲಿಸಿ ಎಂದು ಕೇಳುವ ಹಕ್ಕು ಆ ಪ್ರದೇಶದ ನಿವಾಸಿಗಳಿಗೆ ಇದೆ ಎಂದು 1974ರಲ್ಲಿ ನ್ಯಾಯಾಲಯ ಹೇಳಿತು. ಕಟ್ಟಿದವರು ದುಡ್ಡು ಸುರಿದಿದ್ದಾರೆ ಎಂಬ ಕಾರಣಕ್ಕೆ ತಪ್ಪು ಅನುಮತಿ ಸರಿಯಾಗುವುದಿಲ್ಲ ಎಂದೂ ಹೇಳಿತು. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು 1991ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಅಲ್ಲೂ ಕೇಳಿದವರು ಬಡಾವಣೆಯ ನಿವಾಸಿಗಳೇ.

ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕುವುದಾದರೆ ಪಕ್ಕದ ಹಾವೇರಿಯವರು ಧಾರವಾಡ ಪೀಠಕ್ಕೆ ಹೋಗುತ್ತಾರೆ, ನಾವು ಬೆಂಗಳೂರಿಗೆ. ಖರ್ಚು, ಓಡಾಟ ಲೆಕ್ಕ ಹಾಕಿಯೇ ಇಳಿಯಿರಿ. ತಡ ಮಾಡಿದಷ್ಟೂ "ಇಷ್ಟು ದಿನ ಎಲ್ಲಿದ್ದಿರಿ?" ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ. ಮೊಹರು ಬಿದ್ದ ಆಕ್ಷೇಪಣೆಯ ಪ್ರತಿ ಆಗ ಮಾತಾಡುತ್ತದೆ. ನಿಮ್ಮ ವಿರುದ್ಧವೇ ಬಿಲ್ಡರ್ ತಡೆಯಾಜ್ಞೆ ತರುವ ಸೂಚನೆ ಇದ್ದರೆ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿಡಿ. ಅದು 90 ದಿನ ಜೀವಂತ.

9. ಕಟ್ಟಡ ಎದ್ದೇಬಿಟ್ಟರೆ

ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಕಟ್ಟಿದ್ದು ನಕ್ಷೆಯಂತೆ ಇಲ್ಲದಿದ್ದರೆ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 321ನೇ ಕಲಂ ಅಡಿ ನೋಟಿಸ್ ಕೊಟ್ಟು ತೆರವು ಮಾಡಿಸುವ ಅಧಿಕಾರ ಪಾಲಿಕೆ ಆಯುಕ್ತರಿಗಿದೆ. ಯಾವ ಮಹಡಿ ಹೆಚ್ಚಾಗಿದೆ, ಯಾವ ಕಡೆ ಎಷ್ಟು ಅಡಿ ಬಿಟ್ಟಿಲ್ಲ, ಪಾರ್ಕಿಂಗ್ ಎಂದು ತೋರಿಸಿದ ಕಡೆ ಯಾವ ಮಳಿಗೆ ಎದ್ದಿದೆ ಎಂದು ನಕ್ಷೆಯ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕೊಡಿ. ಕ್ರಮ ಆಗದಿದ್ದರೆ ಸರ್ಕಾರದ 1902 ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಅಧಿಕಾರಿಯ ಲೋಪಕ್ಕೆ ದಾಖಲೆ ಇದ್ದರೆ ಲೋಕಾಯುಕ್ತಕ್ಕೆ ಪ್ರಮಾಣಪತ್ರದೊಂದಿಗೆ ದೂರು ಕೊಡಬಹುದು.

ವಾಸಯೋಗ್ಯ ಪ್ರಮಾಣಪತ್ರ, ಎಲ್ಲರೂ ಓಸಿ ಎನ್ನುವುದು, ಇಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದೂ 2024ರ ಅದೇ ತೀರ್ಪು ಹೇಳಿದೆ. ಹಾಗಾಗಿ ಗಾಜು ಕೂರಿಸುವ ಕೆಲಸ ಶುರುವಾದ ಹೊತ್ತಿಗೆ ಬೆಸ್ಕಾಂ ಮತ್ತು ಪಾಲಿಕೆಯ ನೀರು ಸರಬರಾಜು ವಿಭಾಗಕ್ಕೆ ಪತ್ರ ಕೊಡಿ. ಓಸಿ ಕೊಡುವ ಮೊದಲು ಜಾಗಕ್ಕೆ ಬಂದು ಅಳೆಯಿರಿ, ಆ ದಿನ ನಮಗೂ ತಿಳಿಸಿ ಎಂದು ಪಾಲಿಕೆಯ ನಗರ ಯೋಜನಾ ಶಾಖೆಗೂ ಬರೆಯಿರಿ. ತೀರ್ಪಿನ ಪ್ರತಿಯನ್ನು ಮೂರೂ ಪತ್ರಗಳಿಗೆ ಲಗತ್ತಿಸಿ, ಮೊಹರು ಹಾಕಿಸಿಕೊಂಡು ಬನ್ನಿ.